ಕೆಂಚಕ್ಕನ ಮನೆಯ ಹಿಂದಿನ ಗೋಡೆ

ಸಿದ್ದಾಪುರದಿಂದ ಮೂವರು ಬಂದಿದ್ದಾರೆ ಎಂದು ತಬಸ್ಸುಮ್ ಬಾಗಿಲಲ್ಲಿ ನಿಂತು ಹೇಳಿದ್ದಷ್ಟೇ, ಅಜ್ಮತ್ ಎಳೆಯುತ್ತಿದ್ದ ಗೆರೆಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಅವನು ಚಳ್ಳಕೆರೆಯಲ್ಲಿ ಆಫೀಸು ತೆರೆದು ಮೂರು ವರ್ಷವಾಗಿತ್ತು. ಅಪ್ಪ ಶರೀಫ್ ಸಾಬ್ ಲಾರಿಗಳಿಗೆ ಬಾಡಿ ಕಟ್ಟುವ ಗ್ಯಾರೇಜಿನ ಮೇಲೆ ಎರಡು ಕೋಣೆ. ಒಂದರಲ್ಲಿ ಅವನು, ಇನ್ನೊಂದರಲ್ಲಿ ಕಂಪ್ಯೂಟರಿನ ಮುಂದೆ ಹೆಂಡತಿ ತಬಸ್ಸುಮ್. ಹೊರಗಿನ ಬೋರ್ಡಿನಲ್ಲಿ ‘ಮೇಜರ್’ ಅನ್ನುವುದನ್ನು ‘ಆರ್ಕಿಟೆಕ್ಟ್’ ಅನ್ನುವುದಕ್ಕಿಂತ ದೊಡ್ಡದಾಗಿ ಬರೆಸಿದ್ದು ಶರೀಫ್ ಸಾಬ್. ಆರ್ಕಿಟೆಕ್ಟ್ ಅಂದರೇನೆಂದು ಊರಿನ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಎಂಜಿನಿಯರ್ ಸಾಬ್ರು ಎನ್ನುತ್ತಿದ್ದರು. ಬೋರ್ ಪಾಯಿಂಟ್ ತೋರಿಸ್ತೀರಾ ಎಂದು ಕೇಳಿದವರೂ ಉಂಟು. ಆದರೂ ಕೆಲಸಕ್ಕೆ ಕೊರತೆ ಇರಲಿಲ್ಲ. ಮಿಲಿಟರಿಯಲ್ಲಿದ್ದವನು, ಮೋಸದ ಕಟ್ಟಡ ಕಟ್ಟಿಸೋದಿಲ್ಲ ಎಂಬ ಹೆಸರು ಬಿದ್ದಿತ್ತು. ಮೊಳಕಾಲ್ಮುರಿನಲ್ಲಿ ಎರಡು ಮನೆ, ನಾಯಕನಹಟ್ಟಿಯಲ್ಲಿ ಒಂದು ಬಟ್ಟೆ ಅಂಗಡಿ ಅವನ ನಕ್ಷೆಯಲ್ಲೇ ಎದ್ದಿದ್ದವು. ಸಿದ್ದಾಪುರಕ್ಕೆ ಮಾತ್ರ ಅವನು ಒಂದು ಸಲವೂ ಹೋಗಿರಲಿಲ್ಲ. ಆ ಊರಿಗೆ ತಿರುಗುವ ದಾರಿ ಬಂತೆಂದರೆ ಬೈಕಿನ ವೇಗ ಅವನಿಗೆ ಗೊತ್ತಿಲ್ಲದೆಯೇ ಏರುತ್ತಿತ್ತು.

ಬಂದವರು ಉಗ್ರಪ್ಪ, ಅವನ ಹೆಂಡತಿ ಕೆಂಚಕ್ಕ, ಮಗಳು ಪವಿತ್ರ. ಹೊಲ, ಕುರಿ ಇಟ್ಟುಕೊಂಡ ಮನೆತನ. ಪವಿತ್ರ ಮೊಳಕಾಲ್ಮುರಿನ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದಳು.

"ನೀವೇ ಅಲ್ವ್ರಾ ಅಜ್ಮತ್ ಸಾಹೇಬ್ರು?" ಎಂದ ಉಗ್ರಪ್ಪ, ಕುರ್ಚಿಯ ಅಂಚಿನಲ್ಲಿ ಕೂತು. "ನಮ್ ಮಾರುತೇಶ ಪೋನ್ ಮಾಡ್ದಾಗೆಲ್ಲ ನಿಮ್ ಸುದ್ದೀನೇ. ಚಳ್ಳಕೆರೆಯೋರೊಬ್ರು ನಮಗೆ ಆಫೀಸರ್ ಆಗವ್ರೆ, ನಂಜೊತೆ ಕನ್ನಡ ಮಾತಾಡ್ತಾರೆ ಅಂತಿದ್ದ. ನೀವು ಊರಿಗೆ ಬಂದಿರೋದು ಗೊತ್ತಾಗಿದ್ದೇ ಮೊನ್ನೆ."

ಪವಿತ್ರ ಫೋನು ತೆಗೆದು ಮೇಜಿನ ಮೇಲಿಟ್ಟಳು. ಚೌಕುಳಿ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದ ಮನೆಯ ನಕ್ಷೆಯ ಫೋಟೊ. ಕೆಳಗೆ ಅವನದೇ ಸಹಿ.

"ಅಣ್ಣ ಕಳ್ಸಿದ್ದು, ಸಾರ್. ಮನೆ ಕಟ್ಟಿಸಿದ್ರೆ ಇದನ್ನೇ ಕಟ್ಟಿಸ್ಬೇಕು ಅಂತ ಅವ್ವ ಆರು ವರ್ಷದಿಂದ ಹಟ ಹಿಡಿದೈತೆ."

"ಅಡಿಗೆಮನೆ ಕಿಟಕೀಲಿ ಕುರಿರೊಪ್ಪ ಕಾಣ್ಬೇಕು ಅಂತ ನಾನೇ ಹೇಳ್ಕಳ್ಸಿದ್ದೆ," ಎಂದಳು ಕೆಂಚಕ್ಕ. "ಬರ್ದೀರಲ್ಲ, ನೋಡ್ರಿ, ಇಲ್ಲಿ."

ಆ ನಕ್ಷೆ ಬರೆದ ಮಧ್ಯಾಹ್ನ ಅಜ್ಮತ್‌ಗೆ ಚೆನ್ನಾಗಿ ನೆನಪಿತ್ತು. ಹೊರಗೆ ಹಿಮ ಬೀಳುತ್ತಿತ್ತು. ಸೀಮೆಎಣ್ಣೆ ಒಲೆಯ ಪಕ್ಕ ಕೂತು ಮಾರುತೇಶ ತನ್ನವ್ವ ಹೇಳಿದ್ದನ್ನೆಲ್ಲ ಒಪ್ಪಿಸುತ್ತಿದ್ದ, ಇವನು ಗೆರೆ ಎಳೆಯುತ್ತಿದ್ದ. ಹಾಗೆ ಗೆರೆ ಎಳೆಯುವುದು ಅವನಿಗೆ ಹುಟ್ಟಿನಿಂದ ಬಂದ ವಿದ್ಯೆ. ಶರೀಫ್ ಸಾಬ್ ಲಾರಿ ಬಾಡಿಯ ಅಳತೆಯನ್ನು ಯಾವ ಕಾಗದದಲ್ಲೂ ಬರೆದವನಲ್ಲ. ಗ್ಯಾರೇಜಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಡೀ ಲಾರಿಯನ್ನೇ ಅದರ ಅಳತೆಗೇ ಬರೆದುಬಿಡುತ್ತಿದ್ದ. ಆ ಗೆರೆಗಳ ಮೇಲೆ ಬೆಳೆದ ಹುಡುಗ ದಾವಣಗೆರೆಯಲ್ಲಿ ಓದಿ ಆರ್ಕಿಟೆಕ್ಟ್ ಆದ. ಎರಡು ವರ್ಷ ಬೆಂಗಳೂರಿನಲ್ಲಿ ಯಾರದೋ ಕೈಕೆಳಗೆ ಬಾಲ್ಕನಿ ಬರೆದು ಬರೆದು ಬೇಸತ್ತ. ಕಟ್ಟಡ ಓದಿದವರನ್ನೂ ಸೇನೆಗೆ ಹತ್ತು ವರ್ಷದ ಮಟ್ಟಿಗೆ ಅಧಿಕಾರಿಗಳಾಗಿ ತೆಗೆದುಕೊಳ್ಳುತ್ತಾರೆಂದು ತಿಳಿದು ಪರೀಕ್ಷೆ ಕಟ್ಟಿದ, ಪಾಸಾದ. ಮಗ ಹಸಿರು ಸಮವಸ್ತ್ರದಲ್ಲಿ ಮೊದಲ ಸಲ ಊರಿಗೆ ಬಂದಾಗ ಶರೀಫ್ ಸಾಬ್ ಅವನನ್ನು ಎಣ್ಣೆ ಗಿರಣಿಗಳ ಬೀದಿಯಲ್ಲೆಲ್ಲ ನಡೆಸಿಕೊಂಡು ಹೋಗಿದ್ದ.

ಸೇನೆಯಲ್ಲಿ ಅವನ ಕೆಲಸ ಬಂದೂಕಿನದ್ದಲ್ಲ, ಗೋಡೆ ಸೂರಿನದ್ದು. ಗಡಿಯ ಕಡೆಯ ಎತ್ತರದ ಕಣಿವೆಯೊಂದರಲ್ಲಿ ಸೈನಿಕರು ಚಳಿಗಾಲ ಕಳೆಯಲು ಮನೆಗಳು ಏಳಬೇಕಾಗಿತ್ತು. ಅಲ್ಲಿ ಅವನ ಕೈಕೆಳಗೆ ಕಟ್ಟಡ ಕೆಲಸ ಮಾಡುತ್ತಿದ್ದ ಸೈನಿಕರಲ್ಲಿ ಮಾರುತೇಶನೂ ಒಬ್ಬ.

ಒಪ್ಪುವುದಿಲ್ಲ ಎನ್ನಲು ಅಜ್ಮತ್‌ಗೆ ಬಾಯಿ ಬರಲಿಲ್ಲ. "ಜಾಗ ನೋಡ್ಕೊಂಡು ಹೇಳ್ತೀನಿ," ಎಂದ. ಅವರು ಮೆಟ್ಟಿಲಿಳಿದು ಹೋದ ಮೇಲೆ ತಬಸ್ಸುಮ್ ಕೇಳಿದಳು, "ಯಾರು ಅವರು? ನಿಮ್ಮ ಮುಖದಲ್ಲಿ ರಕ್ತಾನೇ ಇಲ್ಲ."

"ನಮ್ಮ ಕಡೆಯ ಹುಡುಗನೊಬ್ಬ ಅಲ್ಲಿ ತೀರಿಕೊಂಡ ಅಂದಿದ್ದೆನಲ್ಲ. ಅವನ ಮನೆಯವರು," ಎಂದ. ಅದಕ್ಕಿಂತ ಹೆಚ್ಚು ಅವಳಿಗೂ ಅವನು ಎಂದೂ ಹೇಳಿರಲಿಲ್ಲ.

ಜಾಗ ನೋಡಲು ಹೋದವನು ಬೈಕು ನಿಲ್ಲಿಸಿ, ಇಳಿಯದೆ ಹಿಂದಿನ ಇಳಿಜಾರನ್ನೇ ನೋಡಿದ. ಊರಾಚೆ, ಬಂಡೆಗಳ ಗುಡ್ಡದ ಬುಡದಲ್ಲಿತ್ತು ಉಗ್ರಪ್ಪನ ನಿವೇಶನ. ಮನೆ ಸಮತಟ್ಟಾಗಿ ನಿಲ್ಲಬೇಕೆಂದರೆ ಹಿಂದಿನ ಇಳಿಜಾರನ್ನು ಆಳೆತ್ತರ ಕಡಿಯಬೇಕು. ಕಡಿದ ಮೇಲೆ ಮಣ್ಣು ಜಾರದಂತೆ ಕಲ್ಲಿನ ತಡೆಗೋಡೆ ಕಟ್ಟಬೇಕು. ಮುಂದಕ್ಕೆ ಹಾಕೋಣವೆಂದರೆ ಮುಂದೆ ಪಕ್ಕದವರ ಹೊಲ.

"ಬೇರೆ ಜಾಗ ಇಲ್ವಾ?" ಎಂದು ಕೇಳಿದ.

"ಮಾರುತೇಶ ಆರಿಸಿದ್ ಜಾಗ ಸಾರ್ ಇದು," ಎಂದ ಉಗ್ರಪ್ಪ.

ಪಾಯ ತೋಡಿದ್ದು ಜನವರಿಯಲ್ಲಿ. ಕಲ್ಲಿನ ಕೆಲಸಕ್ಕೆ ರಾಯದುರ್ಗದ ಕಡೆಯ ಪಾತಣ್ಣ ಮೇಸ್ತ್ರಿ ಬಂದ. ಅರ್ಧ ಕನ್ನಡ ಅರ್ಧ ತೆಲುಗು ಆಡುವ, ಮೂವತ್ತು ವರ್ಷ ಕಲ್ಲು ಕಟ್ಟಿದ ಕೈ. ಬೇರೆ ಕೆಲಸಗಳಿಗೆ ವಾರಕ್ಕೊಮ್ಮೆ ಹೋಗುತ್ತಿದ್ದ ಅಜ್ಮತ್ ಸಿದ್ದಾಪುರಕ್ಕೆ ದಿನಾ ಹೋದ. ಮನೆಯ ಗೋಡೆಗಳನ್ನು ಅವನು ಅಷ್ಟಾಗಿ ನೋಡುತ್ತಿರಲಿಲ್ಲ. ಹಿಂದಿನ ತಡೆಗೋಡೆಯ ಹತ್ತಿರವೇ ನಿಂತಿರುತ್ತಿದ್ದ. ಮಳೆನೀರು ಗೋಡೆಯ ಬೆನ್ನಿಗೆ ನಿಲ್ಲದೆ ಹೊರಗೆ ಹರಿಯಲೆಂದು ಅಲ್ಲಲ್ಲಿ ಪೈಪಿನ ತುಂಡಿಟ್ಟು ತೂತು ಬಿಡುವುದು ವಾಡಿಕೆ. ಅಜ್ಮತ್ ವಾಡಿಕೆಯ ಮೂರರಷ್ಟು ತೂತು ಬರೆದಿದ್ದ. ಒಂದು ದಿನ ತೂತೊಂದರ ಹಿಂದೆ ಜಲ್ಲಿ ಸರಿಯಾಗಿ ತುಂಬಿಲ್ಲವೆಂದು ಎರಡು ವರಸೆ ಕಲ್ಲು ಕೀಳಿಸಿದ. ಮೂರು ದಿನ ಬಿಟ್ಟು ಮತ್ತೆ ಕೀಳಿಸಿದ.

ಪಾತಣ್ಣ ಕರಣೆ ಎಸೆದೇಬಿಟ್ಟ. "ಏಮಿ ಸಾರ್ ಇದಿ? ಗೋಡೆ ಕಟ್ಸ್ತೀರೋ ಜರಡಿ ಮಾಡಿಸ್ತೀರೋ? ಈ ಬಯಲುಸೀಮೆಯಾಗ ಬರೋ ನಾಕು ಹನಿ ಮಳೆಗೆ ಇಷ್ಟು ತೂತ್ಯಾಕೆ? ನಾನು ಕಟ್ಟಿದ್ ಗೋಡೆ ಒಂದೂ ಬಿದ್ದಿಲ್ಲ, ತಿಳ್ಕಳ್ರಿ!"

"ಬಿದ್ದಿಲ್ಲ ಅಂತ ಎಲ್ರೂ ಹೇಳೋದೇ, ಬೀಳೋ ತನಕ," ಎಂದು ಅಜ್ಮತ್ ಕೂಗಿದ. "ನಾನು ಹೇಳ್ದಂಗೆ ಮಾಡು. ಇಲ್ಲಾಂದ್ರೆ ಸಾಮಾನು ಎತ್ತು."

ಅವನೇ ಬಗ್ಗಿ ಬರಿಗೈಯಲ್ಲಿ ತೂತಿನ ಹಿಂದಿನ ಜಲ್ಲಿ ತೋಡತೊಡಗಿದ. ಪಾತಣ್ಣ ಅದನ್ನು ನೋಡಿ ಎಸೆದ ಕರಣೆ ಎತ್ತಿಕೊಂಡ. ಉಗ್ರಪ್ಪನೂ ನೋಡಿದ. ಕೆಲಸದವರು ಊಟಕ್ಕೆ ಹೋದ ಮೇಲೆ ಅಜ್ಮತ್ ಕೂತಿದ್ದ ಕಲ್ಲಿನ ಹತ್ತಿರ ಬಂದು ಅವನೂ ಕೂತ.

"ಸಾಹೇಬ್ರೆ, ತಪ್ಪು ತಿಳೀಬ್ಯಾಡ್ರಿ. ಹಾವು ತುಳಿದೋರಂಗೆ ಆಡ್ತೀರಲ್ಲ ಈ ಗೋಡೆ ಮುಂದೆ. ಯಾಕೆ?"

ಕೆಂಚಕ್ಕ ಕುರಿರೊಪ್ಪದ ಬೇಲಿಗೆ ಮುಳ್ಳು ಸಿಕ್ಕಿಸುತ್ತಿದ್ದವಳು ಅಲ್ಲೇ ನಿಂತಳು.

ಅಜ್ಮತ್ ಹೇಳಿದ. ತಲೆ ತಗ್ಗಿಸಿಕೊಂಡೇ ಹೇಳಿದ.

"ಮಾರುತೇಶನ ಮೇಲೆ ಬಿದ್ದಿದ್ದು ಗುಡ್ಡ ಅಂತ ನಿಮಗೆ ಹೇಳಿರ್ಬೇಕು. ಗುಡ್ಡ ಅಲ್ಲ. ಗೋಡೆ. ಇಂಥದೇ ಗೋಡೆ. ನಾನು ಬರೆದಿದ್ದು. ನೀರು ಹೋಗೋಕೆ ತೂತು ಬಿಡ್ಬೇಕಿತ್ತು. ಹಿಮ ಬೀಳೋಕೆ ಹತ್ತು ದಿನ ಇತ್ತು, ಪೈಪು ಬಂದಿರ್ಲಿಲ್ಲ. ಬಿಡಿ, ಬರೋ ಬೇಸಿಗೇಲಿ ನೋಡ್ಕೊಳ್ಳೋಣ, ಈಗ ಗೋಡೆ ಎಬ್ಬಿಸಿ ಅಂದೆ. ನಕ್ಷೇಲಿದ್ದ ತೂತುಗಳನ್ನ ನಾನೇ ಹೊಡೆದು ಹಾಕ್ದೆ. ಏಪ್ರಿಲಲ್ಲಿ ಹಿಮ ಕರಗ್ತು. ನೀರೆಲ್ಲ ಗೋಡೆ ಹಿಂದೆ ನಿಂತ್ಕೊಂಡ್ತು. ಬೆಳಗ್ಗೆ ಹನ್ನೊಂದು ಗಂಟೆ. ಗೋಡೆ ಬುಡದ ಮನೆಯೊಳಗೆ ಮೂರು ಜನ ಇದ್ರು. ಇಬ್ರು ಬದುಕಿದ್ರು."

ಉಗ್ರಪ್ಪ ಹೆಗಲ ಟವೆಲು ತೆಗೆದು ತೊಡೆಯ ಮೇಲೆ ಹಾಕಿಕೊಂಡ. ಮತ್ತೆ ಹೆಗಲಿಗೆ ಹಾಕಿಕೊಂಡ.

"ನೀವೆಲ್ಲಿದ್ರಿ?" ಎಂದು ಕೇಳಿದ್ದು ಕೆಂಚಕ್ಕ.

"ಬೇರೆ ಕಡೆ ಹೋಗಿದ್ದೆ ಅವ್ವ. ಬರೋ ಹೊತ್ತಿಗೆ ಹೊರಗೆ ತೆಗೆದು ಮಲಗ್ಸಿದ್ರು."

ಅವಳು ಬೇಲಿಯ ಕಡೆ ತಿರುಗಿಕೊಂಡಳು. ಮುಳ್ಳಿನ ಕೊಂಬೆ ಕೈಯಲ್ಲೇ ಇತ್ತು. ಉಗ್ರಪ್ಪ ಎದ್ದು, "ಇವತ್ತು ಹೋಗ್ರಿ ಸಾಹೇಬ್ರೆ," ಎಂದ. ಅಷ್ಟೇ.

ಮರುದಿನದಿಂದ ಕೆಲಸ ನಿಂತಿತು. ಪಾತಣ್ಣ ಫೋನು ಮಾಡಿ, ಮನೆಯವರು ಬೇಡ ಅಂದವ್ರೆ, ಯಾಕೆ ಅಂತ ಹೇಳ್ತಿಲ್ಲ ಎಂದ. ಮೂರು ವಾರ ಕಳೆಯಿತು. ನಾಲ್ಕನೆಯ ವಾರ ಪವಿತ್ರ ಒಬ್ಬಳೇ ಆಫೀಸಿಗೆ ಬಂದಳು. ಕೂರಲಿಲ್ಲ.

"ಅಪ್ಪ ಎಲ್ಲ ಹೇಳಿದ್ರು. ವಿಚಾರಣೆ ಆಗಿತ್ತಂತೆ ಅಲ್ವಾ ಸಾರ್? ಅದರ ಕಾಗದ ಮನೆಯವರು ಕೇಳಿದ್ರೆ ಕೊಡ್ತಾರಂತೆ. ನಮ್ಮ ಶಾಲೆ ಹೆಡ್ಮಾಸ್ಟರು ಹೇಳಿದ್ರು. ಅರ್ಜಿ ಯಾವ ವಿಳಾಸಕ್ಕೆ ಹಾಕ್ಬೇಕು ಹೇಳಿ."

ಗುಡ್ಡದ ಬುಡದಲ್ಲಿ ಆ ಮಧ್ಯಾಹ್ನ ಅಜ್ಮತ್ ಎಲ್ಲವನ್ನೂ ಹೇಳಿರಲಿಲ್ಲ. ತೂತು ಬಿಡದೆ ಹೋದದ್ದು ಅವಸರದಲ್ಲಾದ ತಪ್ಪು. ಅದರ ಮೇಲೆ ಅವನು ಇನ್ನೊಂದು ಮಾಡಿದ್ದ, ಅದು ಅವಸರದಲ್ಲಾದದ್ದಲ್ಲ. ವಿಚಾರಣೆಯಲ್ಲಿ, ತೂತು ಬಿಡಲು ಹೇಳಿದ್ದಿರಾ ಎಂದು ಕೇಳಿದಾಗ ಅವನು ಹೌದು ಎಂದಿದ್ದ. ಮೊದಲಿನ ನಕ್ಷೆಯ ಒಂದು ಪ್ರತಿಯನ್ನು ಮತ್ತೆ ಬರೆದು, ತೂತುಗಳನ್ನು ತೋರಿಸಿ, ಮುಂದಿಟ್ಟಿದ್ದ. ಗೋಡೆ ಕಟ್ಟಿದ ಹುಡುಗರು ಗಾರೆ ಮೆತ್ತುವಾಗ ಅವನ್ನು ಮುಚ್ಚಿಬಿಟ್ಟಿರಬೇಕು ಎಂದು ಬರೆದುಕೊಟ್ಟು ಸಹಿ ಹಾಕಿದ್ದ. ಬಿದ್ದ ಗೋಡೆಯ ಕಲ್ಲುರಾಶಿ ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಕಟ್ಟಿದವರ ಅಜಾಗರೂಕತೆ ಎಂದು ತೀರ್ಮಾನವಾಯಿತು. ಯಾರಿಗೂ ಶಿಕ್ಷೆಯಾಗಲಿಲ್ಲ. ಕಟ್ಟಿದವರ ಹೆಸರಿನ ಪಟ್ಟಿಯಲ್ಲಿ ಎರಡನೆಯದು ಮಾರುತೇಶನದು.

ಇದನ್ನು ಆಗಲೇ ಹೇಳಿಬಿಡಬಹುದಿತ್ತು. ಅವಳು ಎದುರಿಗೇ ನಿಂತಿದ್ದಳು. ಆದರೆ ಅಜ್ಮತ್ ಡ್ರಾಯರಿನಿಂದ ಚೀಟಿ ತೆಗೆದು ವಿಳಾಸ ಬರೆದುಕೊಟ್ಟ. ಸೇನೆಯವರು ಕೊಡದೇ ಇರಬಹುದು, ಕಾಗದ ಸಿಗದೇ ಇರಬಹುದು ಎಂಬ ಆಸೆಯೊಂದು ಒಳಗೆಲ್ಲೋ ಕೂತಿತ್ತು.

ಅದಾದ ಮೇಲೆ ಅವನಿಗೆ ಯಾವ ಕೆಲಸದಲ್ಲೂ ಕೈ ಓಡಲಿಲ್ಲ. ಕಟ್ಟಡಗಳ ಅಳತೆ ತಪ್ಪಿದ, ತಬಸ್ಸುಮ್ ತಿದ್ದಿದಳು. ಅಂಚೆಯವನ ಸೈಕಲ್ಲು ಗ್ಯಾರೇಜಿನ ಮುಂದೆ ನಿಂತರೆ ಕೆಳಗಿಳಿದು ಹೋಗಿ ನೋಡುತ್ತಿದ್ದ, ಕಾಗದ ಬರುವುದು ಇಲ್ಲಿಗಲ್ಲ ಎಂದು ಗೊತ್ತಿದ್ದೂ. ಕೊನೆಗೆ ಒಂದು ಸಂಜೆ ಹೆಂಡತಿಗೆ ಎಲ್ಲ ಹೇಳಿದ. ತಬಸ್ಸುಮ್ ಕಂಪ್ಯೂಟರು ಆರಿಸಿ ಕೂತು ಕೇಳಿದಳು.

"ಸತ್ತವನ ಮೇಲೆ ಹಾಕಿದಿರಾ?" ಎಂದಳು.

"ಅವನೊಬ್ಬನ ಮೇಲೆ ಅಂತಲ್ಲ. ಎಲ್ಲ ಹುಡುಗರ ಮೇಲೆ..."

"ಅವನೂ ಇದ್ದನಲ್ಲ ಅದರಲ್ಲಿ." ಅವಳು ಎದ್ದು ದುಪಟ್ಟಾ ಸರಿಮಾಡಿಕೊಂಡಳು. "ಅವರಾಗೇ ಓದೋದಕ್ಕೆ ಮುಂಚೆ ಹೋಗಿ ಹೇಳಿ."

ನಾಳೆ ಹೋಗುತ್ತೇನೆ ಎಂದ. ನಾಳೆ ಎಂಬುದು ಹನ್ನೆರಡು ದಿನವಾಯಿತು. ಹದಿಮೂರನೆಯ ದಿನ ಪವಿತ್ರಳ ಫೋನು ಬಂತು.

"ಕಾಗದ ಬಂದೈತೆ ಸಾರ್. ನಾನು ಓದಿದೀನಿ. ಅವ್ವ ಅಪ್ಪಂಗೆ ಇಂಗ್ಲಿಷ್ ಬರಲ್ಲ. ನೀವೇ ಬಂದು ಕನ್ನಡದಾಗೆ ಓದಿ ಹೇಳ್ಬೇಕು." ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ಪಾಠ ಒಪ್ಪಿಸದ ಹುಡುಗನನ್ನು ಎದ್ದು ನಿಲ್ಲು ಎನ್ನುವ ದನಿ ಅದು.

ಅವರ ಹಳೆಯ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿದ್ದರು. ಗೋಡೆಯ ಮೇಲೆ ಮಾರುತೇಶನ ಫೋಟೊ. ಕ್ಯಾಪು ಸ್ವಲ್ಪ ಓರೆ, ಕಿವಿ ಎರಡೂ ಹೊರಗೆ. ಪವಿತ್ರ ಕಾಗದದ ಕಟ್ಟನ್ನು ಅಜ್ಮತ್‌ನ ಕೈಗಿಟ್ಟು ಬಾಗಿಲಿಗೆ ಒರಗಿ ನಿಂತಳು.

ಅವನು ಓದಿದ. ಒಂದು ವಾಕ್ಯ ಇಂಗ್ಲಿಷಿನಲ್ಲಿ ಕಣ್ಣಲ್ಲೇ ಓದಿಕೊಂಡು, ಅದನ್ನು ಕನ್ನಡದಲ್ಲಿ ಹೇಳುತ್ತ ಹೋದ. ದಿನ, ಹೊತ್ತು, ಗೋಡೆಯ ಉದ್ದ, ಎತ್ತರ. ಬದುಕುಳಿದ ಇಬ್ಬರ ಮಾತು. ಮಾರುತೇಶ ಚಹಾಕ್ಕೆ ನೀರಿಟ್ಟಿದ್ದನೆಂದು ಅವರಲ್ಲೊಬ್ಬ ಹೇಳಿದ್ದ. ಕೆಂಚಕ್ಕ, "ಅದನ್ನ ಇನ್ನೊಂದ್ಸಲ ಓದ್ರಿ," ಎಂದಳು. ಓದಿದ.

ಆಮೇಲೆ ಐದನೆಯ ಪುಟ. ಪವಿತ್ರ ಅವನನ್ನೇ ನೋಡುತ್ತಿದ್ದಳು.

"ಸಾಕ್ಷಿ ನಾಲ್ಕು. ಕ್ಯಾಪ್ಟನ್ ಅಜ್ಮತ್. ಅಂದ್ರೆ ನಾನು, ಆಗಿನ್ನೂ ಕ್ಯಾಪ್ಟನ್. ನೀರು ಹೋಗೋಕೆ ತೂತು ಬಿಡ್ಬೇಕು ಅಂತ ನಾನು ಹೇಳಿದ್ದೆ. ನಕ್ಷೇಲೂ ತೋರ್ಸಿದ್ದೆ. ಗೋಡೆ ಕಟ್ಟಿದವರು ಆ ತೂತುಗಳನ್ನ ಗಾರೆ ಹಾಕಿ ಮುಚ್ಚಿರ್ಬೇಕು. ಹೀಗಂತ ಬರೆದೀನಿ."

ಉಗ್ರಪ್ಪನಿಗೆ ತಕ್ಷಣ ಅರ್ಥವಾಗಲಿಲ್ಲ. "ತೂತೇ ಇರ್ಲಿಲ್ಲ ಅಂದ್ರಲ್ಲ ಅವತ್ತು?"

"ಇರ್ಲಿಲ್ಲ."

"ಮತ್ತೆ ಇದು?"

"ಇದು ಸುಳ್ಳು. ನಾನು ಹೇಳಿದ ಸುಳ್ಳು."

"ಕಟ್ಟಿದೋರು ಅಂದ್ರೆ ಯಾರು?" ಎಂದಳು ಕೆಂಚಕ್ಕ. ಅವಳಿಗೆ ಗಂಡನಿಗಿಂತ ಮೊದಲೇ ತಿಳಿದುಹೋಗಿತ್ತು. "ನನ್ ಮಗ ಇದ್ನಾ ಅದ್ರಾಗೆ?"

"ಇದ್ದ ಅವ್ವ."

"ಅಂದ್ರೆ ಅವನ ಸಾವಿಗೆ ಅವನೇ ಕಾರಣ ಅಂತ ಬರ್ದೀಯಾ."

ಅಲ್ಲಿಯವರೆಗೆ ಬಹುವಚನದಲ್ಲಿ ಮಾತಾಡಿಸುತ್ತಿದ್ದವಳು. ಅಜ್ಮತ್ ಹೌದು ಎಂದು ತಲೆಯಾಡಿಸಿದ. ಉಗ್ರಪ್ಪ ಮೇಲೆದ್ದ. ಅಜ್ಮತ್‌ನ ಅಂಗಿಯ ಕೊರಳಪಟ್ಟಿ ಹಿಡಿದ. ಹಿಡಿದ ಕೈ ಹಾಗೇ ಸಡಿಲವಾಯಿತು. ಬಿಟ್ಟು, ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತುಬಿಟ್ಟ. ಅವನ ಬೆನ್ನು ಅದುರುವುದು ಬಾಗಿಲಿನಿಂದ ಕಾಣುತ್ತಿತ್ತು.

ಕೆಂಚಕ್ಕ ಅಳಲಿಲ್ಲ. ಕಾಗದದ ಆ ಪುಟವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ.

"ಎಲ್ಲಿ ಬರ್ದೀಯಾ ತೋರ್ಸು."

ಅವನು ಬೆರಳಿಟ್ಟು ತೋರಿಸಿದ. ಅವಳು ಆ ಸಾಲಿನ ಮೇಲೆ ಹೆಬ್ಬೆರಳು ಒತ್ತಿದಳು.

"ಇದನ್ನ ಹೊಡೆಸಿ ಹಾಕು. ನಿಂಗೇನಾಗ್ತದೋ ನನಗ್ ಗೊತ್ತಿಲ್ಲ. ನನ್ ಮಗನ ಹೆಸ್ರು ಇಲ್ಲಿ ಇರಬಾರ್ದು. ಇದನ್ನ ಹೊಡೆಸಿ ಹಾಕಿದ್ಮ್ಯಾಲೆ ನನಗ್ ಹೇಳು. ಅಲ್ಲಿ ತನಕ ಈ ಕಡೆ ಬರ್ಬ್ಯಾಡ."

ಚಳ್ಳಕೆರೆಯ ವಕೀಲರೊಬ್ಬರು ಅಜ್ಮತ್ ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ತೆಗೆದಿಟ್ಟರು. "ಸುಳ್ಳು ಸಾಕ್ಷಿ ಹೇಳಿದ್ದೆ, ನಕ್ಷೆ ತಿದ್ದಿದ್ದೆ ಅಂತ ನೀನೇ ಬರೆದುಕೊಡ್ತೀಯಾ? ಕೇಸು ಹಾಕಿದ್ರೆ ಏನ್ಮಾಡ್ತಿ? ಆರ್ಕಿಟೆಕ್ಟ್ ಅನ್ನೋ ಲೈಸೆನ್ಸೇ ಹೋಗಬಹುದು. ಯಾರೂ ಕೇಳ್ತಿಲ್ಲವಲ್ಲಪ್ಪ."

"ಕೇಳ್ತಿದಾರೆ," ಎಂದ ಅಜ್ಮತ್.

ಅಫಿಡವಿಟ್ಟು ತಯಾರಾಯಿತು. ಅದನ್ನು ಕಳಿಸುವ ಮುಂಚೆ ಅಪ್ಪನಿಗೆ ಹೇಳಬೇಕಿತ್ತು. ಗ್ಯಾರೇಜಿನಲ್ಲಿ ಶರೀಫ್ ಸಾಬ್ ಲಾರಿಯೊಂದರ ಹಿಂಬಾಗಿಲಿಗೆ ಕೀಲು ಕೂರಿಸುತ್ತಿದ್ದ. ಮಗ ಹೇಳುವುದನ್ನು ಸುತ್ತಿಗೆ ಹಿಡಿದೇ ಕೇಳಿದ. ಮನೆಯ ಉರ್ದುವಿನಲ್ಲಿ ಅವನು ಹೇಳಿದ ಮಾತು ಅಜ್ಮತ್‌ಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

"ಆರು ವರ್ಷ ಮುಚ್ಚಿಟ್ಟವನು ಇನ್ನೊಂದು ಸ್ವಲ್ಪ ದಿನ ಮುಚ್ಚಿಡೋಕೆ ಆಗ್ತಿರಲಿಲ್ಲವೇನೋ? ನನ್ನ ಮಣ್ಣು ಮಾಡಿದ ಮೇಲೆ ಹೇಳಬಹುದಿತ್ತು. ಮಸೀದಿ ಮುಂದೆ ಹೋದರೆ ಜನ ಸಲಾಂ ಹೇಳ್ತಾರೆ, ಮೇಜರ್ ಅಬ್ಬಾ ಅಂತಾರೆ. ಇನ್ನು ಏನಂತಾರೆ?"

"ಅಬ್ಬಾ, ಆ ಹುಡುಗನ ಅಪ್ಪ ನಿಮ್ಮಷ್ಟೇ ವಯಸ್ಸಿನವನು."

"ನನಗೆ ಅವನ ಲೆಕ್ಕ ಹೇಳಬೇಡ," ಎಂದು ಶರೀಫ್ ಸಾಬ್ ಸುತ್ತಿಗೆ ಬೀಸಿದ. ಕೀಲು ಸೊಟ್ಟಗಾಯಿತು. ಇಷ್ಟು ವರ್ಷದಲ್ಲಿ ಅವನ ಏಟು ಹಾಗೆ ತಪ್ಪಿದ್ದನ್ನು ಅಜ್ಮತ್ ನೋಡಿರಲಿಲ್ಲ. ಆಮೇಲೆ ಬಹಳ ದಿನ ಅಪ್ಪ ಮಗ ಒಂದೇ ತಟ್ಟೆಯ ಸುತ್ತ ಕೂತು ಉಂಡರೂ ಮಾತಾಡಲಿಲ್ಲ.

ಮೂರು ತಿಂಗಳಿಗೆ ಸೇನೆಯಿಂದ ಕರೆ ಬಂತು. ಉತ್ತರದ ದಂಡು ಪ್ರದೇಶವೊಂದಕ್ಕೆ ಎರಡು ರಾತ್ರಿ ರೈಲಿನಲ್ಲಿ ಹೋದ. ತನಗಿಂತ ಕಿರಿಯ ಅಧಿಕಾರಿಗಳ ಮುಂದೆ ನಿಂತ. ಅವರು ಮರ್ಯಾದೆಯಿಂದಲೇ ಕೇಳಿದರು, ಅದು ಇನ್ನೂ ಕಷ್ಟವಾಗಿತ್ತು. ತೂತುಗಳನ್ನು ತೆಗೆದು ಹಾಕಿದ್ದು ಯಾವ ದಿನ, ತಿದ್ದಿದ ನಕ್ಷೆ ಬರೆದದ್ದು ಎಲ್ಲಿ ಕೂತು, ಆ ಹೊತ್ತಿಗೆ ಮೃತದೇಹ ಊರಿಗೆ ಹೋಗಿತ್ತೇ. ಹೋಗಿರಲಿಲ್ಲ ಎಂದ ಅಜ್ಮತ್. ಅಲ್ಲೇ ಇತ್ತು. ಪಕ್ಕದ ಡೇರೆಯಲ್ಲಿ ಪೆಟ್ಟಿಗೆ ಸಿದ್ಧವಾಗುತ್ತಿತ್ತು, ಮೊಳೆ ಹೊಡೆಯುವ ಸದ್ದು ಕೇಳುತ್ತಿತ್ತು, ನಾನು ಗೆರೆ ಎಳೆಯುತ್ತಿದ್ದೆ.

ಬರೆದುಕೊಳ್ಳುತ್ತಿದ್ದವನ ಪೆನ್ನು ಒಂದು ಕ್ಷಣ ನಿಂತಿತು.

ಊರಿನಲ್ಲಿ ಸುದ್ದಿ ಹಬ್ಬದೆ ಇರಲಿಲ್ಲ. ಹಬ್ಬಿಸಿದವರು ಯಾರೆಂದು ಗೊತ್ತಾಗಲಿಲ್ಲ, ವಕೀಲರ ಗುಮಾಸ್ತನಿರಬಹುದು. ಮೊಳಕಾಲ್ಮುರಿನಲ್ಲಿ ಆಗತಾನೇ ಸಿಕ್ಕಿದ್ದ ಕಲ್ಯಾಣಮಂಟಪದ ಕೆಲಸ ಕೈತಪ್ಪಿತು. ಬಟ್ಟೆ ಅಂಗಡಿಯವನು ತನ್ನ ಗೋಡೆಗಳನ್ನು ಇನ್ನೊಬ್ಬ ಎಂಜಿನಿಯರನಿಗೆ ತೋರಿಸಿದ. ಆ ಎಂಜಿನಿಯರು ಗಟ್ಟಿಯಾಗಿವೆ ಎಂದು ಹೇಳಿದ ಮೇಲೂ ಅಂಗಡಿಯವನು ಅಜ್ಮತ್‌ನ ಫೋನು ಎತ್ತಲಿಲ್ಲ. ಬೋರ್ಡಿನ ಮೇಲಿನ ‘ಮೇಜರ್’ ಪದವನ್ನು ಅಜ್ಮತ್ ತಾನೇ ಏಣಿ ಹಾಕಿ ಬಣ್ಣ ಬಳಿದು ಮುಚ್ಚಿದ. ಶರೀಫ್ ಸಾಬ್ ಕೆಳಗೆ ನಿಂತು ನೋಡಿದ, ಬೇಡ ಎನ್ನಲಿಲ್ಲ. ಏಣಿ ಅಲುಗಿದಾಗ ಬಂದು ಹಿಡಿದುಕೊಂಡ.

ಸಿದ್ದಾಪುರದ ಮನೆಯ ಕೆಲಸ ಮಾತ್ರ ಮುಂದುವರಿದಿತ್ತು. ಅದನ್ನು ಹೇಳಿದವನು ಪಾತಣ್ಣ. ಕೆಂಚಕ್ಕನೇ ಅವನನ್ನು ಕರೆಸಿ, ನಕ್ಷೇಲಿ ಇದ್ದಂಗೆ ಮುಗಿಸು ಎಂದಿದ್ದಳಂತೆ. ಏನಾದರೂ ತಿಳಿಯದಿದ್ದರೆ ಪಾತಣ್ಣ ಅಜ್ಮತ್‌ಗೆ ಫೋನು ಮಾಡುತ್ತಿದ್ದ. "ಅಕ್ಕಯ್ಯ ಪಕ್ಕದಾಗೇ ಐತೆ ಸಾರ್, ನಿಮ್ಮನ್ನೇ ಕೇಳು ಅಂತು, ಆದ್ರೆ ನಿಮ್ ಹೆಸ್ರು ಹೇಳ್ಲಿಲ್ಲ, ಅವನ್ನ ಕೇಳು ಅಂತು," ಎನ್ನುತ್ತಿದ್ದ. ತಡೆಗೋಡೆ ಮುಗಿದ ದಿನ ಅವನು ಫೋಟೊ ಕಳಿಸಿದ. ಒಂದು ತೂತೂ ತಪ್ಪಿರಲಿಲ್ಲ, ಎಲ್ಲ ಬರೆದಂತೆಯೇ ಇದ್ದವು. ಗೃಹಪ್ರವೇಶ ಆಗಿದ್ದು ಅಜ್ಮತ್‌ಗೆ ತಿಳಿದದ್ದು ಎಂಟು ದಿನ ಕಳೆದ ಮೇಲೆ.

ಸೇನೆಯ ಉತ್ತರ ಬಂದಾಗ ವರ್ಷವೇ ಕಳೆದಿತ್ತು. ಒಂದು ಪ್ರತಿ ಅವನಿಗೆ, ಒಂದು ಪ್ರತಿ ಉಗ್ರಪ್ಪನಿಗೆ. ಕಟ್ಟಿದವರ ಮೇಲಿನ ಆರೋಪವನ್ನು ದಾಖಲೆಯಿಂದ ತೆಗೆಯಲಾಗಿದೆ, ಹೊಣೆ ನಕ್ಷೆ ಮಾಡಿದ ಅಧಿಕಾರಿಯದು ಎಂದಿತ್ತು. ಅವನ ಮೇಲೆ ಏನು ಕ್ರಮ ಎಂಬುದು ಇನ್ನೂ ತೀರ್ಮಾನವಾಗಬೇಕಿದೆ ಎಂದೂ ಇತ್ತು. ಆ ಕೊನೆಯ ಸಾಲನ್ನು ತಬಸ್ಸುಮ್ ಎರಡು ಸಲ ಓದಿದಳು. "ಬರಲಿ, ಬಂದಾಗ ನೋಡೋಣ," ಎಂದು ಮಡಿಸಿ ಕಪಾಟಿನಲ್ಲಿಟ್ಟಳು.

ಕೆಂಚಕ್ಕ ಹೇಳಿದ್ದು ನೆನಪಿತ್ತು, ಹೊಡೆಸಿ ಹಾಕಿದ ಮೇಲೆ ಹೇಳು ಎಂದು. ಅಜ್ಮತ್ ಪವಿತ್ರಳಿಗೆ ಫೋನು ಮಾಡಿದ. ಅವಳು, "ನಮಗೂ ಬಂತು ಸಾರ್. ಅವ್ವಂಗೆ ನಾನೇ ಓದಿ ಹೇಳ್ದೆ," ಎಂದಳು.

"ಏನಂದ್ರು?"

"ಕಾಗದ ಇಸ್ಕಂಡು ಅಣ್ಣನ ಟ್ರಂಕಿನಾಗೆ ಇಟ್ಳು." ಮತ್ತೆ ಹೇಳಿದಳು, "ನಿಮ್ಮನ್ನ ಕ್ಷಮಿಸಿದೀವಿ ಅಂತ ತಿಳ್ಕೋಬೇಡಿ ಸಾರ್. ನನಗೆ ಆಗಲ್ಲ."

"ಇಲ್ಲ, ತಿಳ್ಕೊಂಡಿಲ್ಲ," ಎಂದ ಅಜ್ಮತ್.

ಶ್ರಾವಣ ಕಳೆದ ಒಂದು ಬೆಳಗ್ಗೆ ಉಗ್ರಪ್ಪನ ಫೋನು ಬಂತು. ಒಂದೂವರೆ ವರ್ಷದಲ್ಲಿ ಇದೇ ಮೊದಲು. ಗಾಳಿಯ ಸದ್ದಿನ ನಡುವೆ ಅವನು ದೊಡ್ಡದಾಗಿ ಮಾತಾಡುತ್ತಿದ್ದ.

"ಸಾಹೇಬ್ರೆ, ಅಡಿಗೆಮನೇಲಿ ಹೊಗೆ ಹೋಗ್ತಿಲ್ಲ. ಗಾಳಿ ಬೀಸಿದ್ರೆ ಎಲ್ಲ ಒಳಗೇ ಸುತ್ತತೈತೆ. ಇವಳು ಗ್ಯಾಸ್ ಹಚ್ಚಲ್ಲ, ಕಟ್ಟಿಗೆ ಒಲೇನೇ ಬೇಕು. ಕಣ್ಣು ಕೆಂಪಾಗವೆ. ಪಾತಣ್ಣಂಗೆ ಕೇಳಿದ್ರೆ ನಕ್ಷೇಲೇ ಹಂಗೈತೆ ಅಂತಾನೆ."

"ಗಾಳಿ ಯಾವ ಕಡೆಯಿಂದ ಬರುತ್ತೆ ಅಂತ ನಾನು ನೋಡಿರ್ಲಿಲ್ಲ," ಎಂದ ಅಜ್ಮತ್. "ನಕ್ಷೆ ಬರೆದಾಗ ನಿಮ್ಮ ಜಾಗಾನೇ ನೋಡಿರ್ಲಿಲ್ಲ, ಬಂದ ಮೇಲೂ ಆ ಗೋಡೆ ಒಂದನ್ನೇ ನೋಡ್ತಿದ್ದೆ. ನನ್ನದೇ ತಪ್ಪು."

"ಅದಿರ್ಲಿ. ಬಂದು ನೋಡ್ರಿ ಅಂತಾಳೆ."

"ಯಾರು?"

ಫೋನಿನ ಆ ಕಡೆ ಹೆಂಗಸಿನ ದನಿಯೊಂದು ಏನೋ ಹೇಳಿತು, ಸ್ಪಷ್ಟವಾಗಿ ಕೇಳಲಿಲ್ಲ.

"ಇವತ್ತೇ ಬರ್ಬೇಕಂತೆ," ಎಂದ ಉಗ್ರಪ್ಪ. "ಏಣಿ ನಮ್ಮನೇಲೇ ಐತಂತೆ, ತರೋದು ಬ್ಯಾಡಂತೆ."

ಅಜ್ಮತ್ ಅಳತೆಯ ಟೇಪು ಜೇಬಿಗೆ ಹಾಕಿಕೊಂಡು ಕೆಳಗಿಳಿದ. ಗ್ಯಾರೇಜಿನ ಬಾಗಿಲಲ್ಲಿ ಶರೀಫ್ ಸಾಬ್ ತಲೆಯೆತ್ತಿ ನೋಡಿ, ಎಲ್ಲಿಗೆ ಎಂದು ಕೇಳಿದ. ಸಿದ್ದಾಪುರಕ್ಕೆ ಎಂದ ಮಗ. ಮುದುಕ ಬೈಕಿನ ಹಿಂದಿನ ಚಕ್ರವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಗಾಳಿ ಕಮ್ಮಿಯಿದೆ, ನಿಲ್ಲು ಎಂದು ಪಂಪು ತರಲು ಒಳಗೆ ಹೋದ.